ಕಾವು ಆರಿದ ಮೇಲೆ ಜೀವಾಣು: ಗೊಬ್ಬರ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಮುಂಗಾರಿಗೆ ಮೊದಲು ಗೊಬ್ಬರ ಅಣಿ ಮಾಡಿಕೊಳ್ಳುವ ಈ ದಿನಗಳಲ್ಲಿ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಬಂದಿರುವ ಪತ್ರಗಳು ಒಂದೇ ವಿಷಯವನ್ನು ಬೇರೆ ಬೇರೆ ಬಗೆಯಲ್ಲಿ ಕೇಳುತ್ತಿವೆ. ದುಡ್ಡು ಕೊಟ್ಟು ತಂದ ಟ್ರೈಕೋಡರ್ಮಾ (ಬೇರಿನ ರೋಗ ತಡೆಯುವ ಶಿಲೀಂಧ್ರ), ಅಜಟೊಬ್ಯಾಕ್ಟರ್, ರೈಜೋಬಿಯಂ (ಬೆಳೆಗೆ ಸಾರಜನಕ ಒದಗಿಸುವ ಬ್ಯಾಕ್ಟೀರಿಯಾಗಳು) ಮುಂತಾದ ಜೀವಾಣುಗಳು ಗೊಬ್ಬರದೊಳಗೆ ಸೇರಿದ ಮೇಲೆ ಬದುಕಿರುತ್ತವೆಯೇ, ಬದುಕಿರಬೇಕಾದರೆ ಏನು ಮಾಡಬೇಕು ಎಂಬುದೇ ಆ ವಿಷಯ. ಹೀಗಾಗಿ ಈ ಸಂಚಿಕೆಯ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಮೊದಲ ಪತ್ರದ ಉತ್ತರ ದೀರ್ಘವಾಗಿದೆ; ಉಳಿದವರ ತೊಡಕಿನ ಬೇರೂ ಅಲ್ಲಿಯೇ ಇರುವುದರಿಂದ ಎಲ್ಲರೂ ಅದನ್ನು ಓದಬೇಕೆಂದು ಕೋರುತ್ತೇನೆ.

ಪ್ರಶ್ನೆ: ದಾವಣಗೆರೆಯ ಹೊರವಲಯದಲ್ಲಿ ನಾವು ಮೂವರು ಗೆಳೆಯರು ಸೇರಿ ಹರಳು ರೂಪದ ಸಾವಯವ ಗೊಬ್ಬರದ ಸಣ್ಣ ಘಟಕ ನಡೆಸುತ್ತಿದ್ದೇವೆ. ಸಗಣಿ ಗೊಬ್ಬರ, ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸ ಸೋಸಿದಾಗ ಉಳಿಯುವ ಗಸಿಯಾದ ಪ್ರೆಸ್‌ಮಡ್, ಬೇವಿನ ಹಿಂಡಿ ಮತ್ತು ಮಂಡಕ್ಕಿ ಭಟ್ಟಿಯ ಬೂದಿಯನ್ನು ಮಿಕ್ಸರಿಗೆ ಹಾಕಿ, ಅದರಲ್ಲಿಯೇ ಅಜಟೊಬ್ಯಾಕ್ಟರ್, ರಂಜಕ ಕರಗಿಸುವ ಬ್ಯಾಕ್ಟೀರಿಯಾ ಮತ್ತು ಟ್ರೈಕೋಡರ್ಮಾ ದ್ರಾವಣಗಳನ್ನು ಟನ್ನಿಗೆ ತಲಾ 5 ಲೀಟರಿನಂತೆ ಬೆರೆಸಿ, ಹರಳು ಕಟ್ಟಿ, ಡ್ರೈಯರಿನಲ್ಲಿ ಒಣಗಿಸಿ ಚೀಲ ತುಂಬುತ್ತೇವೆ. ಪ್ರಯೋಗಾಲಯಕ್ಕೆ ಕಳಿಸಿದ ಮಾದರಿಗಳಲ್ಲಿ ಜೀವಾಣುಗಳು ಎಣಿಕೆಗೇ ಸಿಗುತ್ತಿಲ್ಲ ಎಂಬ ವರದಿ ಬಂದಿದೆ. ದ್ರಾವಣ ಪೂರೈಸಿದವರು ತಮ್ಮ ಸರಕು ಸರಿಯಾಗಿಯೇ ಇದೆ ಎನ್ನುತ್ತಾರೆ. ತಪ್ಪು ಎಲ್ಲಿ ಆಗುತ್ತಿದೆ?

ಉತ್ತರ: ನೀವು ಬರೆದಿರುವ ಕ್ರಮವನ್ನು ನೋಡಿದರೆ ದ್ರಾವಣದವರ ಮಾತು ನಿಜವಿರುವ ಸಾಧ್ಯತೆಯೇ ಹೆಚ್ಚು. ಜೀವಾಣುಗಳನ್ನು ನೀವು ಬೇವಿನ ಹಿಂಡಿಯಂತೆ, ಬೂದಿಯಂತೆ ಒಂದು ಸಾಮಗ್ರಿ ಎಂದು ತಿಳಿದು ಮೊದಲೇ ಬೆರೆಸುತ್ತಿದ್ದೀರಿ. ಅವು ಜೀವವಿರುವಂಥವು, ಆದ್ದರಿಂದ ಬಿಸಿ ತಾಕುವ ಕೆಲಸಗಳೆಲ್ಲ ಮುಗಿದ ಮೇಲೆ, ಎಲ್ಲಕ್ಕಿಂತ ಕೊನೆಯಲ್ಲಿ, ಗೊಬ್ಬರದೊಳಗೆ ಬರಬೇಕಾದವು. ನಿಮ್ಮ ಘಟಕದಲ್ಲಿ ಅವು ಸಾಯುತ್ತಿರುವ ಜಾಗ ಒಂದಲ್ಲ, ಕನಿಷ್ಠ ಮೂರಿವೆ.

ಮೊದಲನೆಯದು ಡ್ರೈಯರ್. ಅಜಟೊಬ್ಯಾಕ್ಟರ್, ಅಜೋಸ್ಪಿರಿಲಂ, ರೈಜೋಬಿಯಂ, ಸ್ಯೂಡೋಮೊನಾಸ್ ಇವೆಲ್ಲ 28ರಿಂದ 30 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಖವಾಗಿ ಬೆಳೆಯುವಂಥವು. ಇವು ಬ್ಯಾಸಿಲಸ್ ಜಾತಿಯವುಗಳಂತೆ ಬಿಸಿ ತಡೆಯುವ ಬೀಜಕ (ಗಟ್ಟಿ ಕವಚದ ಸುಪ್ತ ರೂಪ) ಕಟ್ಟಿಕೊಳ್ಳುವುದಿಲ್ಲ. ಆದ್ದರಿಂದ 60 ಡಿಗ್ರಿಯ ಹಸಿ ಕಾವು ಕೆಲವು ನಿಮಿಷ ತಾಕಿದರೂ ಅವುಗಳಲ್ಲಿ ಬಹುಪಾಲು ಉಳಿಯುವುದಿಲ್ಲ. ಟ್ರೈಕೋಡರ್ಮಾ ಶಿಲೀಂಧ್ರವೂ 25ರಿಂದ 30 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುತ್ತದೆ. 50 ಡಿಗ್ರಿ ದಾಟಿದ ಒದ್ದೆ ರಾಶಿಯಲ್ಲಿ ಅದೂ ಹೆಚ್ಚು ಹೊತ್ತು ತಾಳುವುದಿಲ್ಲ. ಬ್ಯಾಸಿಲಸ್ ಗುಂಪಿನ ಕಥೆ ಬೇರೆ. ಪ್ರಯೋಗಾಲಯದಲ್ಲಿ ಮಣ್ಣಿನಿಂದ ಬ್ಯಾಸಿಲಸ್ಸನ್ನು ಬೇರ್ಪಡಿಸಬೇಕಾದರೆ ಮಾದರಿಯನ್ನು 80 ಡಿಗ್ರಿಯಲ್ಲಿ 10 ನಿಮಿಷ ಇಡುವುದು ವಾಡಿಕೆ. ಉಳಿದವು ಸತ್ತು ಬೀಜಕ ಕಟ್ಟಿಕೊಂಡವು ಮಾತ್ರ ಬದುಕಿ ಉಳಿಯುತ್ತವೆ. ನಿಮ್ಮ ಡ್ರೈಯರ್ ತನಗೆ ಅರಿವಿಲ್ಲದೆ ದಿನವೂ ಇದೇ ಕೆಲಸವನ್ನು ಮಾಡುತ್ತಿದೆ.

ಡ್ರೈಯರಿನ ಮೀಟರಿನಲ್ಲಿ ಕಾಣುವ ಅಂಕಿ ಗಾಳಿಯ ಶಾಖದ್ದು, ಹರಳಿನದ್ದಲ್ಲ. ಹರಳಿನ ಶಾಖ ತಿಳಿಯಬೇಕಾದರೆ ಡ್ರೈಯರಿನ ಬಾಯಿಂದ ಬೀಳುವ ಮಾಲನ್ನು ನೇರವಾಗಿ ಒಂದು ಸ್ಟೀಲ್ ಲೋಟದಲ್ಲಿ ಹಿಡಿದು, ನಡುವೆ ಥರ್ಮಾಮೀಟರ್ ಚುಚ್ಚಿ, ಮೇಲೆ ದಪ್ಪ ಬಟ್ಟೆ ಮುಚ್ಚಿ ಎರಡು ಮೂರು ನಿಮಿಷ ಬಿಟ್ಟು ಓದಿಕೊಳ್ಳಿ. ನಾನು ಹೀಗೆ ಅಳೆದ ಒಂದು ಘಟಕದಲ್ಲಿ ಪಾದರಸ 74ಕ್ಕೆ ಹೋಗಿ ನಿಂತಿತ್ತು. ಲೋಟವನ್ನು ಬರಿಗೈಯಲ್ಲಿ ಹಿಡಿಯಲಾಗದೆ ಅಲ್ಲಿನ ಕೆಲಸಗಾರರು ತಮ್ಮ ಟವೆಲ್ ಕೊಟ್ಟರು. ಆ ಘಟಕದ ಯಜಮಾನರಿಗೆ ನಾನು ಹೆಚ್ಚು ವಿವರಿಸಬೇಕಾಗಿ ಬರಲಿಲ್ಲ. ಹರಳು ಕಟ್ಟುವುದಕ್ಕೆ ತಟ್ಟೆಯ ಬದಲು ಅಚ್ಚಿನೊಳಗೆ ಒತ್ತಿ ಗುಳಿಗೆ ತೆಗೆಯುವ ಯಂತ್ರ ಬಳಸುವವರು ಡ್ರೈಯರ್ ಇಲ್ಲದಿದ್ದರೂ ಇದೇ ಪರೀಕ್ಷೆ ಮಾಡಬೇಕು. ಅಚ್ಚಿನ ತಿಕ್ಕಾಟದಿಂದಲೇ ಗುಳಿಗೆ ಕೈಸುಡುವಷ್ಟು ಬಿಸಿಯಾಗಿ ಹೊರಬರುತ್ತದೆ.

ಎರಡನೆಯದು ಬೂದಿ. ಮಂಡಕ್ಕಿ ಭಟ್ಟಿಗಳಿರುವ ಊರಿನಲ್ಲಿ ಬೂದಿ ಅಗ್ಗವಾಗಿ ಸಿಗುತ್ತದೆ, ಪೊಟ್ಯಾಷ್ ಇದೆ ಎಂಬ ಕಾರಣಕ್ಕೆ ಎಲ್ಲರೂ ಅದನ್ನು ಧಾರಾಳವಾಗಿ ಸುರಿಯುತ್ತಾರೆ. ಬೂದಿಯದು ಕ್ಷಾರ ಗುಣ. ಅರೆಕಳಿತ ಸಗಣಿ ಅಥವಾ ಪ್ರೆಸ್‌ಮಡ್ಡಿಗೆ ಅದು ಸೇರಿದಾಗ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಮಿಕ್ಸರಿನ ಬಳಿ ನಿಂತರೆ ಕಣ್ಣಿಗೆ ಖಾರ ತಾಕಿದಂತಾಗುವುದು ಇದರಿಂದಲೇ. ಆ ಅನಿಲ ಗೊಬ್ಬರದ ಸತ್ವವನ್ನೂ ಕಳೆಯುತ್ತದೆ, ಅಲ್ಲಿರುವ ಸೂಕ್ಷ್ಮಾಣು ಜೀವಿಗಳನ್ನೂ ಕೊಲ್ಲುತ್ತದೆ. ಜೀವಾಣು ಸೇರಿಸುವ ಹೊತ್ತಿಗೆ ಮಿಶ್ರಣದ ರಸಸಾರ (pH) 6.5ರಿಂದ 7.5ರೊಳಗೆ ಇರಲಿ. ಬೂದಿಯನ್ನು ಕಡಿಮೆ ಮಾಡಿ, ಹಾಕಲೇಬೇಕಾದರೆ ರಾಶಿ ಕಳಿಯುವ ಹಂತದಲ್ಲಿ ತೆಳುವಾಗಿ ಹಾಕಿ ಹದಕ್ಕೆ ಬರಲು ಬಿಡಿ. ಪ್ರೆಸ್‌ಮಡ್ಡನ್ನು ಕಾರ್ಖಾನೆಯಿಂದ ತಂದ ಹಸಿಯಲ್ಲೇ ಬಳಸುವುದು ಸಲ್ಲದು. ಅದು ವಾರಗಟ್ಟಲೆ ಒಳಗೊಳಗೇ ಕಾಯುವ ಸರಕು.

ಮೂರನೆಯದು ಚೀಲ. ನೀವು ಅದರ ಬಗ್ಗೆ ಏನೂ ಬರೆದಿಲ್ಲ, ಆದರೆ ನನಗೆ ಅನುಮಾನವಿದೆ. ಬಿಸಿ ಆರುವ ಮೊದಲೇ ತುಂಬಿ ಹೊಲಿದಿದ್ದ ಒಂದು ಚೀಲವನ್ನು ಮರುದಿನ ಬೆಳಿಗ್ಗೆ ಬಿಚ್ಚಿಸಿ ನೋಡಿದ್ದೆ. ಒಳಗಿನ ಪ್ಲಾಸ್ಟಿಕ್ ಹಾಳೆಯ ಮೈತುಂಬ ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ಇರುವಂತೆ ನೀರ ಹನಿಗಳಿದ್ದವು, ಅಂಚಿನ ಹರಳುಗಳು ಮೆತ್ತಗಾಗಿ ಒಂದಕ್ಕೊಂದು ಅಂಟಿದ್ದವು, ಎರಡು ವಾರದ ಬಳಿಕ ಅದೇ ಸಾಲಿನ ಬೇರೊಂದು ಚೀಲದಲ್ಲಿ ಬಿಳಿ ಬೂಷ್ಟು ಮುಗ್ಗು ವಾಸನೆಯೊಂದಿಗೆ ಹಬ್ಬಿತ್ತು. ಮಾರಾಟಗಾರರು ಅದನ್ನೇ ಜೀವಾಣು ಬೆಳೆದಿರುವ ಗುರುತು ಎಂದು ರೈತರಿಗೆ ತೋರಿಸುತ್ತಿದ್ದರು. ಅದು ಯಾರೂ ಕರೆಯದೆ ಬಂದು ಸೇರಿದ ಬೂಷ್ಟು. ಕೊಂಡವರಿಗೆ ಹೀಗೆ ಹೇಳುವುದು ಮೋಸ.

ಈಗ ಸರಿಯಾದ ಕ್ರಮ. ಕಾವು ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ರಾಶಿ ಕಳಿಯುವಾಗ ಅದು 55 ಡಿಗ್ರಿ ದಾಟಿ ಕಾಯಲೇಬೇಕು. ಕಳೆಬೀಜ, ರೋಗಾಣು, ಹುಳುಗಳ ಮೊಟ್ಟೆ ಸಾಯುವುದು ಆ ಕಾವಿನಲ್ಲಿಯೇ. ಸಾಲು ರಾಶಿಗೆ ಅಮೆರಿಕದಲ್ಲಿ ಪಾಲಿಸುವ ನಿಯಮ 55 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿನ ಶಾಖದಲ್ಲಿ 15 ದಿನ, ಆ ಅವಧಿಯಲ್ಲಿ ಕನಿಷ್ಠ 5 ಸಲ ಮಗುಚುವುದು. ನಮ್ಮಲ್ಲಿಯೂ ಇದನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು. 65 ದಾಟಿದರೆ ಮಾತ್ರ ಕೂಡಲೇ ಮಗುಚಿ, ಏಕೆಂದರೆ ಅಲ್ಲಿಂದ ಮೇಲೆ ಕಸವನ್ನು ಕೊಳೆಯಿಸಿ ಗೊಬ್ಬರ ಮಾಡುವ ಜೀವಿಗಳೇ ಸೋಲುತ್ತವೆ. ಮಗುಚಿದರೂ ಮತ್ತೆ ಕಾಯದ ಹಂತಕ್ಕೆ ರಾಶಿ ಬಂದ ಮೇಲೆ ಅದನ್ನು ನೆರಳಿನಲ್ಲಿ ಮೂರು ನಾಲ್ಕು ವಾರ ಹದಗೊಳ್ಳಲು ಬಿಟ್ಟು, ಆಮೇಲೆ ಪುಡಿ ಮಾಡಿ, ಹರಳು ಕಟ್ಟಿ, ಒಣಗಿಸಿ, ಪೂರ್ತಿ ಆರಿಸಿ. ಹರಳು 35 ಡಿಗ್ರಿಗಿಂತ ಕೆಳಗೆ ಇಳಿದಿದೆ ಎಂದು ಖಚಿತವಾದ ಮೇಲೆ, ಬಿಸಿ ಇಲ್ಲದ ತಿರುಗುವ ಡ್ರಮ್ಮಿನಲ್ಲಿ ಹಾಕಿ, ಕಾಯಿಸಿ ತಣ್ಣಗೆ ಮಾಡಿದ ತೆಳು ಬೆಲ್ಲದ ನೀರು ಅಥವಾ ಗೋಂದಿನ ನೀರಿನಲ್ಲಿ ಕಲಸಿದ ಜೀವಾಣು ದ್ರಾವಣವನ್ನು ಮಂಜಿನಂತೆ ಸಿಂಪಡಿಸಿ. ಒಂದು ಟನ್ನಿಗೆ ಒಟ್ಟು 20 ಲೀಟರ್ ಸಿಂಪಡಿಸಿದರೂ ತೇವಾಂಶ ಹೆಚ್ಚುವುದು ಶೇ 2ರಷ್ಟು ಮಾತ್ರ. ಆಮೇಲೆ ನೆರಳಿನಲ್ಲಿ ತಾಡಪಾಲಿನ ಮೇಲೆ ತೆಳುವಾಗಿ ಹರಡಿ ಒಂದು ದಿನ ಗಾಳಿಯಾಡಿಸಿ ಚೀಲ ತುಂಬಿ.

ಇಲ್ಲಿ ಒಂದು ಲೆಕ್ಕವನ್ನು ನಿಮ್ಮ ಮುಂದಿಡಬೇಕು. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ದ್ರವ ರೂಪದ ಜೀವಾಣು ಗೊಬ್ಬರದಲ್ಲಿ ಮಿಲಿಲೀಟರಿಗೆ ಕನಿಷ್ಠ 10 ಕೋಟಿ, ಪುಡಿ ರೂಪದ್ದರಲ್ಲಿ ಗ್ರಾಮಿಗೆ ಕನಿಷ್ಠ 5 ಕೋಟಿ ಜೀವಂತ ಕೋಶಗಳಿರಬೇಕು. ನೀವು ಬಳಸುವ 5 ಲೀಟರ್ ದ್ರಾವಣದಲ್ಲಿ ಈ ಕನಿಷ್ಠ ಪ್ರಮಾಣವಿದೆ ಎಂದುಕೊಂಡರೆ ಅದರಲ್ಲಿರುವುದು 50,000 ಕೋಟಿ ಕೋಶ. ಒಂದು ಟನ್ ಎಂದರೆ 10 ಲಕ್ಷ ಗ್ರಾಂ. ಹಂಚಿ ನೋಡಿದರೆ ಗ್ರಾಮಿಗೆ 5 ಲಕ್ಷ. ಒಂದು ಕೋಶವೂ ಸಾಯದಿದ್ದರೂ ಇಷ್ಟೇ. ಪುಡಿ ರೂಪದ ಜೀವಾಣು ಗೊಬ್ಬರದ ಮಟ್ಟಕ್ಕೆ ಇದು ನೂರನೇ ಒಂದು ಪಾಲು. ಆದ್ದರಿಂದ ಚೀಲದ ಮೇಲೆ ಜೀವಾಣುಗಳ ಹೆಸರು ಅಚ್ಚು ಹಾಕಿಸುವ ಮೊದಲು ನಿಮ್ಮ ಗೊಬ್ಬರ ಆದೇಶದ ಯಾವ ವರ್ಗಕ್ಕೆ ಸೇರುತ್ತದೆ, ಆ ವರ್ಗಕ್ಕೆ ಎಷ್ಟು ಸಂಖ್ಯೆ ಬೇಕು ಎಂಬುದನ್ನು ಕೃಷಿ ಇಲಾಖೆಯಲ್ಲಿ ವಿಚಾರಿಸಿ ಬರಹದಲ್ಲಿ ಪಡೆದುಕೊಳ್ಳಿ.

ನನ್ನ ಅಭಿಪ್ರಾಯ ಕೇಳುವುದಾದರೆ, ಹರಳಿಗೆ ಬೀಜಕ ಕಟ್ಟುವ ಬ್ಯಾಸಿಲಸ್ ಜಾತಿಯ ರಂಜಕ ಕರಗಿಸುವ ಬ್ಯಾಕ್ಟೀರಿಯಾವನ್ನು ಮಾತ್ರ ಲೇಪಿಸಿ. ಅಜಟೊಬ್ಯಾಕ್ಟರನ್ನೂ ಟ್ರೈಕೋಡರ್ಮಾವನ್ನೂ ಪ್ರತ್ಯೇಕ ಸಣ್ಣ ಪೊಟ್ಟಣಗಳಲ್ಲಿ ಚೀಲದೊಂದಿಗೆ ಕೊಟ್ಟು, ಹೊಲಕ್ಕೆ ಹಾಕುವ ದಿನ ಬೆರೆಸಿಕೊಳ್ಳಲು ರೈತರಿಗೆ ಹೇಳಿ. ಮಾರಾಟಕ್ಕೆ ಇದು ಹರಳಿನಷ್ಟು ಅಂದವಾಗಿ ಕಾಣದು. ಆದರೆ ದುಡ್ಡು ಕೊಟ್ಟವರ ಹೊಲಕ್ಕೆ ಜೀವವಿರುವ ಸರಕು ತಲುಪುತ್ತದೆ.

ಪ್ರಶ್ನೆ: ನಮ್ಮದು ಹೊಳಲ್ಕೆರೆ ತಾಲ್ಲೂಕು. ಅಡಿಕೆ ತೋಟದಲ್ಲಿ ಅಣಬೆ ರೋಗ ಕಾಣಿಸಿಕೊಂಡಿದೆ. ಟ್ರೈಕೋಡರ್ಮಾವನ್ನು ಗೊಬ್ಬರದಲ್ಲಿ ಬೆಳೆಸಿ ಹಾಕಬೇಕೆಂದು ಹೇಳಿದ್ದರಿಂದ ಚಳ್ಳಕೆರೆ ಕಡೆಯಿಂದ ತರಿಸಿದ ಹೊಸ ಕುರಿ ಗೊಬ್ಬರಕ್ಕೆ ಬೇವಿನ ಹಿಂಡಿ, ಟ್ರೈಕೋಡರ್ಮಾ ಸೇರಿಸಿ ನೀರು ಹಾಕಿ ಮುಚ್ಚಿಟ್ಟೆವು. ನಾಲ್ಕನೇ ದಿನಕ್ಕೆ ರಾಶಿ ಕೈ ಇಡಲಾಗದಷ್ಟು ಬಿಸಿಯಾಗಿ ಮೂಗಿಗೆ ಹೊಡೆಯುವ ವಾಸನೆ ಬರುತ್ತಿದೆ. ಇದನ್ನೇ ಬುಡಕ್ಕೆ ಹಾಕಬಹುದೇ?

ಉತ್ತರ: ಹಾಕಬೇಡಿ. ಆ ರಾಶಿಯಲ್ಲಿ ನೀವು ಬೆರೆಸಿದ ಟ್ರೈಕೋಡರ್ಮಾ ಅಂಚಿನಲ್ಲಿ ಅಲ್ಲಲ್ಲಿ ಉಳಿದಿದ್ದರೆ ಉಳಿದಿರಬಹುದು, ನಡುವೆ ಖಂಡಿತ ಇಲ್ಲ. ಕುರಿ ಗೊಬ್ಬರ ಒಳ್ಳೆಯದೇ, ಸಾರಜನಕ ಹೆಚ್ಚಿರುವಂಥದ್ದೇ. ಆದರೆ ಹಸಿಯಾಗಿದ್ದಾಗ ಅದು ದನದ ಗೊಬ್ಬರಕ್ಕಿಂತ ಜೋರಾಗಿ ಕಾಯುತ್ತದೆ. ರಾಶಿಯನ್ನು ಈಗ ಬಿಡಿಸಿ, ಅಡಿಕೆ ಸೋಗೆ ಅಥವಾ ಮೆಕ್ಕೆಜೋಳದ ದಂಟಿನ ಚೂರನ್ನು ಸೇರಿಸಿ, ವಾರಕ್ಕೊಮ್ಮೆ ಮಗುಚುತ್ತ ಬನ್ನಿ. ಮಗುಚಿದ ಮೂರನೇ ದಿನವೂ ರಾಶಿಯ ಹೊಟ್ಟೆಯೊಳಗೆ ತೂರಿಸಿದ ಕಬ್ಬಿಣದ ಸರಳು ತಣ್ಣಗೇ ಹೊರಬಂದರೆ, ವಾಸನೆ ಹೋಗಿ ಮಳೆ ಬಿದ್ದ ಮಣ್ಣಿನ ಪರಿಮಳ ಬಂದರೆ ಅದು ಕಳಿತಿದೆ ಎಂದು ತಿಳಿಯಿರಿ.

ಆಮೇಲೆ ಹೊಸದಾಗಿ ಟ್ರೈಕೋಡರ್ಮಾ ತನ್ನಿ. ಕಳಿತ ಗೊಬ್ಬರ 90 ಕಿಲೋ, ಪುಡಿ ಮಾಡಿದ ಬೇವಿನ ಹಿಂಡಿ 10 ಕಿಲೋ, ಟ್ರೈಕೋಡರ್ಮಾ ಪುಡಿ 1ರಿಂದ 2 ಕಿಲೋ ಸಾಕು. ತೇವದ ಹದವೇ ಇಲ್ಲಿ ಮುಖ್ಯ. ಒಂದು ಹಿಡಿ ಮಿಶ್ರಣವನ್ನು ಗಟ್ಟಿಯಾಗಿ ಹಿಂಡಿದರೆ ಬೆರಳ ಸಂದಿಯಲ್ಲಿ ಪಸೆ ಕಾಣಬೇಕು, ಹನಿ ತೊಟ್ಟಿಕ್ಕಬಾರದು. ಕೈ ಬಿಚ್ಚಿದಾಗ ಉಂಡೆ ಹಾಗೇ ನಿಂತು, ಬೆರಳಿನಿಂದ ತಟ್ಟಿದರೆ ಒಡೆಯಬೇಕು. ಮರದ ನೆರಳಿನಲ್ಲಿ ಮೊಣಕಾಲಿಗಿಂತ ಎತ್ತರವಾಗದಂತೆ ಹರಡಿ ಒದ್ದೆ ಗೋಣಿಚೀಲ ಮುಚ್ಚಿ. ಪ್ಲಾಸ್ಟಿಕ್ ಹೊದಿಸಿ ಸುತ್ತ ಕಲ್ಲು ಹೇರಿದರೆ ಗಾಳಿ ನಿಂತು ಹೋಗುತ್ತದೆ, ಟ್ರೈಕೋಡರ್ಮಾಕ್ಕೆ ಉಸಿರಾಟ ಬೇಕು. ನಾಲ್ಕೈದು ದಿನಕ್ಕೊಮ್ಮೆ ಕೈಯಾಡಿಸಿ, ಒಣಗಿದ್ದರೆ ನೀರು ಚಿಮುಕಿಸಿ. ಹತ್ತರಿಂದ ಹದಿನೈದು ದಿನದಲ್ಲಿ ಮೊದಲು ಬಿಳಿಯ ನೂಲಿನಂತೆ, ಬಳಿಕ ಹಸಿರಾಗಿ ಬೆಳವಣಿಗೆ ಕಾಣುತ್ತದೆ. ಆ ಹಂತದಲ್ಲಿ ಬುಡಕ್ಕೆ ಹಾಕಿ ಮಣ್ಣು ಮುಚ್ಚಿ ತೇವ ಕೊಡಿ.

ತಾಮ್ರದ ಔಷಧಿಯನ್ನು ಬುಡಕ್ಕೆ ಸುರಿದಿದ್ದರೆ ಅದಕ್ಕೂ ಟ್ರೈಕೋಡರ್ಮಾಕ್ಕೂ ನಡುವೆ ಕನಿಷ್ಠ 15 ದಿನ ಅಂತರವಿರಲಿ. ಒಂದು ಮಾತು ಇಲ್ಲಿಯೇ ಹೇಳಬೇಕು: ಅಣಬೆ ಈಗಾಗಲೇ ಬುಡದಲ್ಲಿ ಮೂಡಿ ಸೋರುತ್ತಿರುವ ಮರವನ್ನು ಟ್ರೈಕೋಡರ್ಮಾ ಬದುಕಿಸಲಾರದು. ಅದರ ಸುತ್ತಲಿನ ಆರೋಗ್ಯವಂತ ಮರಗಳನ್ನು ಕಾಯಲು ಅದನ್ನು ಬಳಸಿ. ರೋಗದ ಮರವನ್ನು ಬೇರುಸಹಿತ ತೆಗೆದು ಸುಟ್ಟು, ಗುಂಡಿಯನ್ನು ಬಿಸಿಲಿಗೆ ತೆರೆದಿಡಿ.

ಪ್ರಶ್ನೆ: ಚನ್ನಗಿರಿ ಭಾಗದಲ್ಲಿ ಅಡಿಕೆ ಸಿಪ್ಪೆ ರಸ್ತೆ ಬದಿಯಲ್ಲಿ ರಾಶಿ ಬೀಳುತ್ತಿದೆ. ಅದನ್ನು ಗೊಬ್ಬರ ಮಾಡಲು ಕಳಿಸುವ (ಕಸ ಕೊಳೆಯಿಸುವ) ಜೀವಾಣು ತಂದಿದ್ದೇನೆ. ಕಾವು ಇಳಿದ ಮೇಲೆಯೇ ಜೀವಾಣು ಹಾಕಬೇಕು ಎಂದು ನೀವು ಹಿಂದೊಮ್ಮೆ ಬರೆದಿದ್ದಿರಿ, ಆದರೆ ಪೊಟ್ಟಣದ ಮೇಲೆ ಮೊದಲ ದಿನವೇ ಹಾಕಿ ಎಂದಿದೆ. ಯಾವುದು ಸರಿ?

ಉತ್ತರ: ಎರಡೂ ಸರಿ, ಏಕೆಂದರೆ ಅವು ಎರಡು ಬೇರೆ ಕೆಲಸದ ಜೀವಾಣುಗಳು. ಕಸವನ್ನು ಕಳಿಸುವಂಥವಕ್ಕೆ ಹಸಿ ಕಸವೇ ಆಹಾರ. ಅವು ಮೊದಲ ದಿನವೇ ಬೇಕು. ಬೆಳೆಗೆ ಸಾರಜನಕ ಒದಗಿಸುವ, ರಂಜಕ ಕರಗಿಸುವ, ಬೇರಿಗೆ ಕಾವಲು ನಿಲ್ಲುವಂಥವು ಕೊನೆಯಲ್ಲಿ ಬೇಕು. ಮೊದಲು ಹಾಕಿದ ಕಳಿಸುವ ಶಿಲೀಂಧ್ರವೂ ರಾಶಿ ಕಾದಾಗ ನಡುವಿನಿಂದ ಅಳಿದು, ತಂಪಾಗಿರುವ ಹೊರಮೈಯಲ್ಲಿ ಉಳಿದುಕೊಂಡು, ಕಾವು ಇಳಿದಂತೆ ಮತ್ತೆ ಒಳಕ್ಕೆ ಹಬ್ಬುತ್ತದೆ. ಮೇಲಿನ ಪದರವನ್ನು ಒಳಕ್ಕೆ, ಒಳಗಿನದನ್ನು ಮೇಲಕ್ಕೆ ತರುವಂತೆ ಮಗುಚಬೇಕೆಂಬುದಕ್ಕೆ ಇದೂ ಒಂದು ಕಾರಣ. ಸಿಪ್ಪೆಯಂಥ ನಾರಿನ ಪದಾರ್ಥಕ್ಕೆ ಕಾವು ಆರಿದ ಮೇಲೆ ಅರ್ಧ ಪ್ರಮಾಣವನ್ನು ಇನ್ನೊಮ್ಮೆ ಹಾಕಿದರೆ ಒಳ್ಳೆಯದು.

ಅಡಿಕೆ ಸಿಪ್ಪೆಯಲ್ಲಿ ಇಂಗಾಲ ಬಹಳ, ಸಾರಜನಕ ಅತಿ ಕಡಿಮೆ. ಆರಂಭದಲ್ಲಿ ಇಂಗಾಲ ಸಾರಜನಕ ಅನುಪಾತ 30ಕ್ಕೆ 1ರ ಸಮೀಪಕ್ಕೆ ಬರಬೇಕಾದರೆ ಸಗಣಿ ಬಗ್ಗಡ, ಕುರಿ ಗೊಬ್ಬರ, ಗ್ಲಿರಿಸಿಡಿಯಾ ಅಥವಾ ಹೊಂಗೆಯ ಹಸಿ ಸೊಪ್ಪನ್ನು ಪದರ ಪದರವಾಗಿ ಧಾರಾಳವಾಗಿ ಕೊಡಬೇಕು. ಒಣ ಸಿಪ್ಪೆ ನೀರನ್ನು ಬೇಗ ಹೀರುವುದಿಲ್ಲ. ಎರಡು ದಿನ ನೆನೆಸಿಯೇ ರಾಶಿ ಹಾಕಿ.

ಮಗುಚಲು ಆಳು ಸಿಗುವುದಿಲ್ಲ ಎನ್ನುವವರಿಗೆ ನಮ್ಮದೇ ರಾಜ್ಯದಲ್ಲಿ ಹುಟ್ಟಿದ ಒಂದು ವಿಧಾನವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು 1939ರಲ್ಲಿ ರೂಪಿಸಿದ, ಇಂದಿಗೂ ಬೆಂಗಳೂರು ವಿಧಾನ ಎಂದೇ ಕರೆಯಲಾಗುವ ಕ್ರಮದಲ್ಲಿ ಗುಂಡಿ ತುಂಬಿ ಮೇಲೆ ಮಣ್ಣು ಸಗಣಿಯಿಂದ ಮೆತ್ತಿ ಬಿಡುತ್ತಾರೆ. ಕೆಲಸ ಕಡಿಮೆ, ಸಾರಜನಕದ ನಷ್ಟವೂ ಕಡಿಮೆ. ಆದರೆ ಆರೆಂಟು ತಿಂಗಳು ಕಾಯಬೇಕು. ಗಾಳಿಯಿಲ್ಲದ ಆ ಗುಂಡಿಗೆ ಟ್ರೈಕೋಡರ್ಮಾ ಸುರಿಯುವುದು ಮಾತ್ರ ವ್ಯರ್ಥ.

ಪ್ರಶ್ನೆ: ಚಳ್ಳಕೆರೆ ತಾಲ್ಲೂಕಿನಲ್ಲಿ ಮಳೆಯಾಶ್ರಿತ ಶೇಂಗಾ ಬೆಳೆಯುತ್ತೇವೆ. ಬೀಜಕ್ಕೆ ಶಿಲೀಂಧ್ರನಾಶಕವನ್ನೂ ರೈಜೋಬಿಯಮ್ಮನ್ನೂ ಒಟ್ಟಿಗೆ ಕಲಸಿ ಬಿತ್ತುತ್ತಿದ್ದೇವೆ. ಬೇರಿನಲ್ಲಿ ಗಂಟುಗಳು ಕಡಿಮೆ. ಇದಕ್ಕೆ ಕಾರಣವೇನು?

ಉತ್ತರ: ಒಟ್ಟಿಗೆ ಕಲಸುವುದೇ ಕಾರಣವಿರಬಹುದು. ರಾಸಾಯನಿಕ ಬೇಕೇ ಬೇಕು ಎಂದಾದರೆ ಮೊದಲು ಅದರಿಂದ ಬೀಜೋಪಚಾರ ಮಾಡಿ ಆರಲು ಬಿಡಿ. ರೈಜೋಬಿಯಂ ಎಲ್ಲಕ್ಕಿಂತ ಕೊನೆಗೆ, ಬಿತ್ತುವ ಹೊತ್ತಿಗೆ. ಅದಕ್ಕಿಂತ ಒಳ್ಳೆಯದೆಂದರೆ ಕತ್ತು ಕೊಳೆ, ಬುಡ ಕೊಳೆ ರೋಗಗಳಿಗೆ ಬೀಜಕ್ಕೆ ಕಿಲೋಗೆ 4 ಗ್ರಾಂ ಟ್ರೈಕೋಡರ್ಮಾ ಬಳಸುವುದು; ಅದರ ಮೇಲೆ ರೈಜೋಬಿಯಂ ಕೊಡಲು ಅಡ್ಡಿಯಿಲ್ಲ.

ಬೆಲ್ಲದ ಪಾಕದ ವಿಷಯದಲ್ಲಿ ಹೆಚ್ಚಿನವರು ಅವಸರ ಮಾಡುತ್ತಾರೆ. ಒಲೆಯಿಂದ ಇಳಿಸಿದ ಪಾಕ ಹೊರಗೆ ಉಗುರು ಬೆಚ್ಚಗೆ ಕಂಡರೂ ತಳದಲ್ಲಿ ಬಿಸಿ ಇಟ್ಟುಕೊಂಡಿರುತ್ತದೆ. ಹಿಂದಿನ ರಾತ್ರಿಯೇ ಕಾಯಿಸಿಟ್ಟು ಬೆಳಿಗ್ಗೆ ಬಳಸಿ. ಶೇಂಗಾ ಬೀಜದ ಸಿಪ್ಪೆ ತೆಳು, ಆದ್ದರಿಂದ ಗೋಣಿಯ ಮೇಲೆ ಹರಡಿ ಪಾಕ ಚಿಮುಕಿಸಿ, ರೈಜೋಬಿಯಂ ಉದುರಿಸಿ, ಅಂಗೈಯಿಂದ ಹಗುರವಾಗಿ ಉರುಳಿಸಿ. ಅರ್ಧ ಗಂಟೆ ನೆರಳಿನಲ್ಲಿ ಆರಿಸಿ ಅಂದೇ ಬಿತ್ತಿ. ಬಿತ್ತನೆಯ ಹೊತ್ತಿನಲ್ಲಿ ಬೀಜದ ಬುಟ್ಟಿ ಬದುವಿನ ಮೇಲೆ ಬಿಸಿಲಿಗೆ ಕೂರದಿರಲಿ. ಪೊಟ್ಟಣವನ್ನು ಅಂಗಡಿಯಿಂದ ತರುವಾಗಲೂ ಅಷ್ಟೇ: ಬೈಕಿನ ಸೀಟಿನ ಕೆಳಗಿನ ಡಬ್ಬಿ ಮಧ್ಯಾಹ್ನದ ಹೊತ್ತಿಗೆ ಒಲೆಯಂತೆ ಕಾದಿರುತ್ತದೆ, ಅದರಲ್ಲಿ ಇಡಬೇಡಿ.

ಬಿತ್ತಿ 40, 45 ದಿನದ ಹೊತ್ತಿಗೆ ಒಂದು ಗಿಡವನ್ನು ಸನಿಕೆಯಿಂದ ಮಣ್ಣು ಸಮೇತ ಎತ್ತಿ, ನೀರಿನಲ್ಲಿ ಅದ್ದಿ ತೊಳೆದು, ಬೇರಿನ ಗಂಟೊಂದನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಕೆಂಪು ಅಥವಾ ಗುಲಾಬಿ ಬಣ್ಣವಿದ್ದರೆ ರೈಜೋಬಿಯಂ ದುಡಿಯುತ್ತಿದೆ. ಬಿಳಿ ಅಥವಾ ಹಸಿರಾಗಿದ್ದರೆ ಇಲ್ಲ. 1888ರಲ್ಲಿ ಹಾಲೆಂಡಿನ ಬೈಯರಿಂಕ್ ಇಂಥ ಗಂಟುಗಳಿಂದಲೇ ಈ ಬ್ಯಾಕ್ಟೀರಿಯಾವನ್ನು ಮೊದಲ ಬಾರಿಗೆ ಬೇರ್ಪಡಿಸಿ ಬೆಳೆಸಿದ್ದು.

ಪ್ರಶ್ನೆ: ಹಿರಿಯೂರಿನ ಸಮೀಪ ನಮ್ಮ ಸ್ತ್ರೀಶಕ್ತಿ ಸಂಘದಿಂದ ಎರೆಹುಳು ಗೊಬ್ಬರ ಮಾಡಿ ಮಾರುತ್ತೇವೆ. ಜರಡಿ ಹಿಡಿಯಲು ಸುಲಭವಾಗಲೆಂದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸುತ್ತೇವೆ. ನಲ್ಲಿಯ ನೀರು ಬಳಸುತ್ತೇವೆ. ಇದರಲ್ಲಿ ಏನಾದರೂ ದೋಷವಿದೆಯೇ?

ಉತ್ತರ: ತಾಯಂದಿರೇ, ನಿಮ್ಮ ಶ್ರಮದ ಬೆಲೆಯನ್ನು ಬಿಸಿಲು ಕದಿಯುತ್ತಿದೆ. ಎರೆಹುಳುವಿನ ಹೊಟ್ಟೆಯಿಂದ ಹೊರಬಂದ ಹಿಕ್ಕೆ ಸೂಕ್ಷ್ಮಾಣು ಜೀವಿಗಳಿಂದ ತುಂಬಿರುತ್ತದೆ. ನಿಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಸಿಮೆಂಟು ಕಣದ ಮೇಲೆ ಅದನ್ನು ಹರಡಿದರೆ ಬಿಸಿ, ಶುಷ್ಕತೆ, ಸೂರ್ಯನ ನೇರಳಾತೀತ ಕಿರಣ ಮೂರೂ ಕೂಡಿ ಅವನ್ನು ನಾಶ ಮಾಡುತ್ತವೆ. ಗೊಬ್ಬರ ತೆಗೆಯುವ ನಾಲ್ಕೈದು ದಿನ ಮೊದಲು ತೊಟ್ಟಿಗೆ ನೀರು ಹಾಕುವುದನ್ನು ನಿಲ್ಲಿಸಿ. ಹುಳುಗಳು ತೇವ ಅರಸಿ ಕೆಳಗೆ ಇಳಿಯುತ್ತವೆ, ಮೇಲಿನ ಗೊಬ್ಬರ ತಾನಾಗಿಯೇ ಉದುರು ಉದುರಾಗುತ್ತದೆ. ಅದನ್ನು ನೆರಳಿನಲ್ಲಿ ಒಂದೆರಡು ದಿನ ಗುಡ್ಡೆ ಹಾಕಿ ಜರಡಿ ಹಿಡಿಯಿರಿ. ಸರ್ಕಾರದ ಮಾನದಂಡದಲ್ಲಿಯೂ ಎರೆಗೊಬ್ಬರದ ತೇವಾಂಶ ಶೇ 15ರಿಂದ 25ರವರೆಗೆ ಇರಬೇಕೆಂದಿದೆ. ಕೈಗೆ ಧೂಳು ಹತ್ತುವಷ್ಟು ಒಣಗಿದ್ದನ್ನು ಒಳ್ಳೆಯ ಗೊಬ್ಬರ ಎಂದು ಕೊಳ್ಳುವವರಿಗೂ ಇದನ್ನು ತಿಳಿಸಿ ಹೇಳಿ.

ಬ್ಲೀಚಿಂಗ್ ಪೌಡರ್ ಹಾಕಿದ ನಲ್ಲಿ ನೀರನ್ನು ಬಾಯಿ ಅಗಲವಾದ ತೊಟ್ಟಿಯಲ್ಲಿ ಹಿಂದಿನ ದಿನವೇ ತುಂಬಿ ತೆರೆದಿಡಿ. ಕ್ಲೋರಿನ್ ರಾತ್ರಿ ಕಳೆಯುವಷ್ಟರಲ್ಲಿ ಬಹುಮಟ್ಟಿಗೆ ಹಾರಿಹೋಗುತ್ತದೆ. ಉಪ್ಪಿನ ಅಂಶವಿರುವ ಕೊಳವೆ ಬಾವಿಯ ನೀರಿಗೆ ಈ ಉಪಾಯ ನಡೆಯುವುದಿಲ್ಲ, ಉಪ್ಪು ಹಾರಿಹೋಗುವಂಥದ್ದಲ್ಲ. ಅಂಥಲ್ಲಿ ಮಳೆನೀರು ಹಿಡಿದಿಟ್ಟುಕೊಳ್ಳುವುದೇ ದಾರಿ. ಮಾರುವ ಮುನ್ನ ಅಜಟೊಬ್ಯಾಕ್ಟರ್ ಬೆರೆಸುವುದಿದ್ದರೆ ಜರಡಿ ಹಿಡಿದ ಮೇಲೆಯೇ ಬೆರೆಸಿ, ಗೋಣಿ ಮುಚ್ಚಿ ವಾರವಿಟ್ಟು, ಆಮೇಲೆ ಚೀಲಕ್ಕೆ ಹಾಕಿ.

ಪ್ರಶ್ನೆ: ಜೀವಾಮೃತವನ್ನು (ಸಗಣಿ, ಗಂಜಲ, ಬೆಲ್ಲ, ಹಿಟ್ಟು ಕಲಸಿದ ದ್ರಾವಣ) ಮುಚ್ಚಳ ಬಿಗಿದ ಡ್ರಮ್ಮಿನಲ್ಲಿ ತಿಂಗಳುಗಟ್ಟಲೆ ಇಡಬಹುದೇ? (ಹರಿಹರದ ಯುವ ರೈತರು)

ಉತ್ತರ: ಬೇಡ. ದಿನಕ್ಕೆ ಎರಡು ಸಲ ಕೋಲಿನಿಂದ ತಿರುಗಿಸಲು ಹೇಳುವುದೇ ಒಳಗೆ ಗಾಳಿ ಸೇರಲಿ ಎಂದು. ನೆರಳಿನಲ್ಲಿ ಗೋಣಿ ಮುಚ್ಚಿ ಇಟ್ಟು, ತಯಾರಾದ ಒಂದು ವಾರದೊಳಗೆ ಬಳಸಿ ಮುಗಿಸಿ. ಬಿಗಿದ ಡ್ರಮ್ಮಿನಲ್ಲಿ ಗಾಳಿ ಮುಗಿದು ಕೊಳೆತ ನಾತ ಬಂದಿದ್ದರೆ ಅದನ್ನು ಬೆಳೆಗೆ ಹಾಕದೆ ತಿಪ್ಪೆಗೆ ಸುರಿಯಿರಿ. ಒಳಗೆ ಅನಿಲ ಕೂಡಿಕೊಂಡಿರುತ್ತದೆ, ಮುಚ್ಚಳ ತೆರೆಯುವಾಗ ಮುಖ ದೂರವಿರಲಿ.

ಪ್ರಶ್ನೆ: ಅಂಗಡಿಯಲ್ಲಿ ಕೊಂಡ ಟ್ರೈಕೋಡರ್ಮಾ ಜೀವಂತವಾಗಿದೆಯೇ ಎಂದು ಮನೆಯಲ್ಲೇ ತಿಳಿಯಬಹುದೇ? (ಹೊಸದುರ್ಗದ ದಾಳಿಂಬೆ ಬೆಳೆಗಾರರು)

ಉತ್ತರ: ಸ್ಥೂಲವಾಗಿ ತಿಳಿಯಬಹುದು. ಗಾಜಿನ ಬಾಟಲಿಯೊಂದನ್ನು ಕುದಿಯುವ ನೀರಿನಲ್ಲಿ ತೊಳೆದು, ಉಪ್ಪು ಹಾಕದೆ ಉದುರಾಗಿ ಬೇಯಿಸಿ ಪೂರ್ತಿ ಆರಿಸಿದ ಎರಡು ಚಮಚ ಅನ್ನ ಹಾಕಿ, ಚಿಟಿಕೆ ಪುಡಿ ಉದುರಿಸಿ, ಬಾಯಿಗೆ ಹತ್ತಿ ಸಡಿಲವಾಗಿ ತುರುಕಿ ನೆರಳಿನಲ್ಲಿಡಿ. ಪಕ್ಕದಲ್ಲಿ ಏನೂ ಹಾಕದ ಅನ್ನದ ಬಾಟಲಿಯನ್ನೂ ಇಡಿ. ನಾಲ್ಕೈದು ದಿನದಲ್ಲಿ ಮೊದಲನೆಯದರಲ್ಲಿ ಬಿಳಿ ಎಳೆಗಳು ಹಬ್ಬಿ ದಟ್ಟ ಹಸಿರಿಗೆ ತಿರುಗಿದರೆ ಜೀವವಿದೆ. ಕಪ್ಪಾದರೆ, ಅಥವಾ ಎರಡು ಬಾಟಲಿಯಲ್ಲೂ ಒಂದೇ ಬಗೆಯ ಬೂಷ್ಟು ಕಂಡರೆ ಅದು ಬೇರೆಯದು. ಬಾಟಲಿಯ ಬಾಯಿಗೆ ಮೂಗಿಟ್ಟು ನೋಡಬೇಡಿ, ಮಕ್ಕಳ ಕೈಗೆ ಸಿಗದಂತೆ ಇಟ್ಟು ಪರೀಕ್ಷೆಯ ಬಳಿಕ ಹೂತುಬಿಡಿ.

ಇದು ಜೀವ ಇದೆಯೋ ಇಲ್ಲವೋ ಎಂಬುದನ್ನಷ್ಟೇ ಹೇಳುತ್ತದೆ, ಗ್ರಾಮಿಗೆ ಎಷ್ಟು ಎಂಬುದನ್ನಲ್ಲ. ಬ್ಯಾಕ್ಟೀರಿಯಾಗಳಿಗೆ ಈ ಅನ್ನದ ಪರೀಕ್ಷೆ ನಡೆಯುವುದೂ ಇಲ್ಲ. ಎಣಿಕೆ ಬೇಕೆಂದರೆ ಪ್ರಯೋಗಾಲಯಕ್ಕೇ ಕಳಿಸಬೇಕು. ನಿಮಗೆ ಹಿರಿಯೂರಿನ ಬಬ್ಬೂರು ಫಾರಂ (ಕೃಷಿ ಸಂಶೋಧನಾ ಕೇಂದ್ರ) ಹತ್ತಿರ, ದಾವಣಗೆರೆಯವರಿಗೆ ತರಳಬಾಳು ಕೃಷಿ ವಿಜ್ಞಾನ ಕೇಂದ್ರ. ಮಾದರಿಯನ್ನು ಎಲ್ಲಿಗೆ, ಹೇಗೆ ಕಳಿಸಬೇಕೆಂದು ಅಲ್ಲಿನ ತಜ್ಞರನ್ನು ಮೊದಲು ವಿಚಾರಿಸಿ. ಪೊಟ್ಟಣದ ಬಾಯಿ ಒಡೆಯದೆ, ತಯಾರಾದ ತಾರೀಕು ಕಾಣುವಂತೆ, ಒದ್ದೆ ಬಟ್ಟೆ ಸುತ್ತಿದ ಡಬ್ಬಿಯಲ್ಲಿಟ್ಟು ಬೆಳಗಿನ ತಂಪಿನಲ್ಲೇ ಒಯ್ಯಿರಿ.